ಮೂಸೆಯೊಳಗಿನ ಕಪ್ಪುಪುಡಿ

ಸೇಲಂ ಪಟ್ಟಣದ ಪಡುವಲಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಹಬ್ಬಿ ನಿಂತಿರುವ ಕಂಜಮಲೈ ಬೆಟ್ಟದ ಅದಿರಿಗೆ ಮನಸೋತು, ಈಸ್ಟ್ ಇಂಡಿಯಾ ಕಂಪನಿಯ ನೆಮ್ಮದಿಯ ಉದ್ಯೋಗವನ್ನು ತೊರೆದು, ಕೈಯಲ್ಲಿದ್ದ ಹಣವನ್ನು ಕುಲುಮೆಗಳಿಗೆ ಸುರಿದು, ತನ್ನ ಬುದ್ಧಿಬಲದಿಂದ ಇಂಗ್ಲೆಂಡಿನ ಉಕ್ಕಿನ ವರ್ತಕರನ್ನು ಶ್ರೀಮಂತರನ್ನಾಗಿ ಮಾಡಿ, ತಾನು ಮಾತ್ರ ನಿರ್ಧನನಾಗಿ 1851ರಲ್ಲಿ ತೀರಿಕೊಂಡ ಜೋಸಯ್ಯ ಮಾರ್ಷಲ್ ಹೀತ್ ಎಂಬಾತನ ವೃತ್ತಾಂತವು, ಲೋಹವಿದ್ಯೆಯ ಚರಿತ್ರಕಾರರನ್ನುಳಿದು ಬೇರಾರಿಗೂ ಬೇಡದ ಸಂಗತಿಯೆಂದು ತೋರಬಹುದು. ಆದರೆ ಆತನನ್ನು ಮೇಲೆತ್ತಿಯೂ ಕೆಳಕ್ಕೆ ಕೆಡಹಿಯೂ ಆಡಿಸಿದ ಒಂದು ಕಪ್ಪುಪುಡಿಯು, ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಹೆಸರಿನಿಂದ, ಇಂದಿಗೂ ನಮ್ಮ ಟಾರ್ಚಿನ ಸೆಲ್ಲಿನಲ್ಲಿಯೂ ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿಯೂ ಮನೆಮಾಡಿಕೊಂಡಿರುವುದರಿಂದಲೂ, ಆತನಿಗೆ ನ್ಯಾಯಸ್ಥಾನದಲ್ಲಿ ಉಂಟಾದ ಅನ್ಯಾಯದ ಬಗೆಯೇ ಆ ಲೋಹದ ಧೂಳನ್ನೂ ಹೊಗೆಯನ್ನೂ ಉಸಿರಾಡುವ ಇಂದಿನ ಕೂಲಿಗಾರನಿಗೂ ಉಂಟಾಗುತ್ತಿರುವುದೆಂದು ನನಗೆ ತೋರುವುದರಿಂದಲೂ, ಆ ಹಳೆಯ ಕಥೆಯನ್ನೇ ಮೊದಲು ಹೇಳಬೇಕಾಗಿದೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನಿಂದ ಕಂಪನಿಯ ಕೈಸೇರಿದ ಸೇಲಂ ಮತ್ತು ಬಾರಾಮಹಲು ಪ್ರಾಂತವು ಬಹುಕಾಲ ಒಂದೇ ಜಿಲ್ಲೆಯಾಗಿದ್ದು, ಅದರಿಂದ ಧರ್ಮಪುರಿಯು 1965ರಲ್ಲಿಯೂ, ಧರ್ಮಪುರಿಯಿಂದ ಕೃಷ್ಣಗಿರಿಯು 2004ರಲ್ಲಿಯೂ ಬೇರ್ಪಟ್ಟವು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಒಕ್ಕಲು ಮಕ್ಕಳೂ ದೇವಾಂಗ ನೇಕಾರರೂ ಇಂದಿಗೂ ವಾಸವಾಗಿರುವ ಈ ಸೀಮೆಯಲ್ಲಿ ಕಬ್ಬಿಣದ ಕಸುಬು ಎಷ್ಟು ಪುರಾತನವಾದುದೆಂಬುದನ್ನು, ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ದೊರೆತ ಕಬ್ಬಿಣವು ಕ್ರಿಸ್ತಪೂರ್ವ 2172ರ ಕಾಲದ್ದೆಂದು 2022ರಲ್ಲಿ ತಮಿಳುನಾಡು ಸರ್ಕಾರವು ಪ್ರಕಟಿಸಿದಾಗ ಪತ್ರಿಕೆಗಳನ್ನೋದುವವರೆಲ್ಲರೂ ತಿಳಿದರು. ಆದರೆ ಅಲ್ಲಿಯ ಉಕ್ಕಿನ ವಿದ್ಯೆಯನ್ನು ಕಣ್ಣಾರೆ ಕಂಡು, ಒಂದೊಂದು ಹಂತವನ್ನೂ ಬಿಡದೆ ಬರೆದಿಟ್ಟವರಲ್ಲಿ ಹೀತನು ಮುಖ್ಯನು. ಭಾರತದ ಕಬ್ಬಿಣ ಮತ್ತು ಉಕ್ಕನ್ನು ಕುರಿತು ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1839ರಲ್ಲಿ ಅಚ್ಚಾದ ಆತನ ಲೇಖನವು ಇಂದಿಗೂ ಓದತಕ್ಕುದಾಗಿದೆ.

ಬೆಟ್ಟದ ಅದಿರನ್ನು ಕುಟ್ಟಿ, ಕೇರಿ, ಕಲ್ಲಿನ ಅಂಶವನ್ನು ಬೇರ್ಪಡಿಸಿ, ಇದ್ದಿಲಿನ ಕುಲುಮೆಯಲ್ಲಿ ಕಬ್ಬಿಣವನ್ನಾಗಿ ಇಳಿಸಿಕೊಂಡ ಬಳಿಕ, ಆ ಕಬ್ಬಿಣವನ್ನು ಸಣ್ಣ ತುಂಡುಗಳನ್ನಾಗಿ ಕಡಿದು, ಸುಟ್ಟ ಭತ್ತದ ಉಮಿಯನ್ನು ಧಾರಾಳವಾಗಿ ಬೆರೆಸಿದ ಜೇಡಿಮಣ್ಣಿನ ಮೂಸೆಯೊಳಗೆ ತುಂಬುತ್ತಿದ್ದರು. ಅದರ ಜೊತೆಗೆ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಒಣಗಿದ ತಂಗಡಿಯ ಕಟ್ಟಿಗೆಯ ಚೂರುಗಳನ್ನಿಟ್ಟು, ಮೇಲೆ ಒಂದೆರಡು ಹಸಿಯ ಎಕ್ಕದೆಲೆಗಳನ್ನು ಮುಚ್ಚಿ, ಮೂಸೆಯ ಬಾಯಿಗೆ ಹದಮಾಡಿದ ಮಣ್ಣನ್ನು ಗಟ್ಟಿಯಾಗಿ ಮೆತ್ತಿ ಒಣಗಲು ಬಿಡುವರು. ಹೀಗೆ ಸಿದ್ಧವಾದ ಇಪ್ಪತ್ತು ಇಪ್ಪತ್ತನಾಲ್ಕು ಮೂಸೆಗಳನ್ನು ಕಮಾನಿನಂತೆ ಜೋಡಿಸಿ, ಇದ್ದಿಲು ಹೊದಿಸಿ, ಎರಡೂವರೆ ಗಂಟೆಗಳ ಕಾಲ ತಿದಿಯನ್ನು ನಿಲ್ಲಿಸದೆ ಊದಿದರೆ ಕೆಲಸ ಮುಗಿಯಿತು. ಆರಿದ ಮೂಸೆಯನ್ನು ಒಡೆದಾಗ ತಳದಲ್ಲಿ ಉಕ್ಕಿನ ಬಿಲ್ಲೆಯೊಂದು ಕುಳಿತಿರುವುದು. ಬೇಲಿಯ ಎಕ್ಕಕ್ಕೂ ಉಕ್ಕಿಗೂ ಏನು ಸಂಬಂಧವೆಂದು ನಗುವವರು ನಕ್ಕಾರು, ಹೀತನು ನಗಲಿಲ್ಲ. ಮುಚ್ಚಿದ ಮೂಸೆಯೊಳಗೆ ಹಸಿಯೆಲೆಯೂ ಕಟ್ಟಿಗೆಯೂ ಬೆಂದು ಹೊರಡಿಸುವ ಇಂಗಾಲದ ಅನಿಲಗಳು ಕಬ್ಬಿಣವನ್ನು ಹೊಕ್ಕು ಅದನ್ನು ಬೇಗನೆ ಉಕ್ಕಾಗಿಸುವುವೆಂದೂ, ಯೂರೋಪಿನಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುವ ಕ್ರಿಯೆಯು ಇಲ್ಲಿ ಇಷ್ಟು ಅಲ್ಪಕಾಲದಲ್ಲಿ ಮುಗಿಯುವುದಕ್ಕೆ ಇದೇ ಕಾರಣವೆಂದೂ ಆತನು ತರ್ಕಿಸಿದನು. ಈ ಕಸುಬಿನವರು ಯಾವ ರಸಾಯನಶಾಸ್ತ್ರವನ್ನೂ ಓದಿದವರಲ್ಲ. ಆದರೂ ಮೂಸೆಯ ಹೊಟ್ಟೆಯೊಳಗೆ ನಡೆಯುವುದೇನೆಂಬುದರ ಮೇಲೆ ಅವರ ಲಕ್ಷ್ಯವೆಲ್ಲ ನೆಟ್ಟಿದ್ದಿತು.

ಕಂಪನಿಯ ಕೆಲಸವನ್ನು ಬಿಟ್ಟ ಹೀತನು ಮದರಾಸು ಆಧಿಪತ್ಯದ ಬಹುಭಾಗದಲ್ಲಿ ಕಬ್ಬಿಣ ತಯಾರಿಸುವ ಏಕಮಾತ್ರ ಹಕ್ಕನ್ನು ಪಡೆದು, 1830ರಲ್ಲಿ ಕಡಲಂಚಿನ ಪರಂಗಿಪೇಟೆಯಲ್ಲಿ, ಅಂದರೆ ಅಂದಿನ ಪೋರ್ಟೊ ನೋವೊದಲ್ಲಿ, ಕಾರ್ಖಾನೆಯನ್ನು ಹೂಡಿದನು. ಸೇಲಂ ಸೀಮೆಯ ಅದಿರು ಕಾವೇರಿಯ ನೀರಿನ ಮೇಲೆ ಪೂರ್ವಕ್ಕೆ ಸಾಗಿತು. ಕುಲುಮೆಗಳಿಗಾಗಿ ಕಾಡುಗಳು ಇದ್ದಿಲಾದುವು. ಲಾಭ ಮಾತ್ರ ಬರಲಿಲ್ಲ. ಆ ಕಾರ್ಖಾನೆಯ ಏಳುಬೀಳುಗಳನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ನಮಗೆ ಬೇಕಾದುದು ಆತನು ಸ್ವದೇಶಕ್ಕೆ ಮರಳಿದ ಮೇಲೆ ನಡೆದ ಸಂಗತಿ.

ಆಗ ಷೆಫೀಲ್ಡಿನವರು ಒಳ್ಳೆಯ ಉಕ್ಕಿಗಾಗಿ ಸ್ವೀಡನ್ ದೇಶದ ದುಬಾರಿ ಕಬ್ಬಿಣವನ್ನೇ ನೆಚ್ಚಿಕೊಂಡಿದ್ದರು; ಕಲ್ಲಿದ್ದಲಿನ ಉರಿಯಲ್ಲಿ ಇಳಿಸಿದ ತಮ್ಮ ನಾಡಿನ ಕಬ್ಬಿಣದಲ್ಲಿ ಗಂಧಕದ ಅಂಶವು ಹೆಚ್ಚಾಗಿದ್ದುದರಿಂದ, ಅದರಿಂದಾದ ಉಕ್ಕು ಕಾಯಿಸಿ ಬಡಿದೊಡನೆಯೇ ಬಿರುಕುಬಿಡುತ್ತಿದ್ದಿತು. ಮೂಸೆಯೊಳಗೆ ಕರಗುವ ಉಕ್ಕಿಗೆ ಅದರ ತೂಕದ ನೂರರಲ್ಲಿ ಒಂದರಿಂದ ಮೂರು ಪಾಲಿನಷ್ಟು ಮ್ಯಾಂಗನೀಸಿನ ಕಾರ್ಬ್ಯುರೆಟ್ಟನ್ನು ಬೆರೆಸಿದರೆ, ಅಂದರೆ ಇಂಗಾಲದೊಡನೆ ಕೂಡಿದ ಮ್ಯಾಂಗನೀಸನ್ನು ಬೆರೆಸಿದರೆ, ಈ ದೋಷವು ನೀಗುವುದೆಂದು ಹೀತನು ಕಂಡುಹಿಡಿದು 1839ರ ಏಪ್ರಿಲಿನಲ್ಲಿ ಪೇಟೆಂಟನ್ನು ಪಡೆದನು. ಮ್ಯಾಂಗನೀಸಿಗೆ ಆಮ್ಲಜನಕದಲ್ಲಿಯೂ ಗಂಧಕದಲ್ಲಿಯೂ ಕಬ್ಬಿಣಕ್ಕಿಂತ ಹೆಚ್ಚಿನ ಒಲವು. ಆ ಎರಡನ್ನೂ ತಾನು ಹಿಡಿದುಕೊಂಡು ಕಬ್ಬಿಣವನ್ನು ಬಿಡುಗಡೆ ಮಾಡುವುದು. ಇಂದು ಜಗತ್ತಿನಲ್ಲಿ ಅಗೆದು ತೆಗೆಯುವ ಮ್ಯಾಂಗನೀಸಿನ ನೂರರಲ್ಲಿ ತೊಂಬತ್ತು ಪಾಲು ಉಕ್ಕಿನ ಕುಲುಮೆಗೇ ಹೋಗುತ್ತಿರುವುದಕ್ಕೆ ಮೂಲವಾದ ತತ್ತ್ವವಿದು.

ಆದರೆ ಕಾರ್ಬ್ಯುರೆಟ್ಟನ್ನು ಪ್ರತ್ಯೇಕವಾಗಿ ತಯಾರಿಸುವುದು ಖರ್ಚಿನ ಕೆಲಸ. ಅಗ್ಗದ ಕಪ್ಪುಪುಡಿಯನ್ನೂ, ಅಂದರೆ ಮ್ಯಾಂಗನೀಸ್ ಡೈಆಕ್ಸೈಡನ್ನೂ, ಕಲ್ಲಿದ್ದಲಿನ ಡಾಂಬರಿನಂತಹ ಇಂಗಾಲದ ವಸ್ತುವನ್ನೂ ನೇರವಾಗಿ ಮೂಸೆಗೆ ಹಾಕಿದರೆ, ಉರಿಯಲ್ಲಿ ಅವೆರಡೂ ಕೂಡಿ ಅದೇ ಫಲವನ್ನೀಯುವುವೆಂದು ಬೇಗನೆ ತಿಳಿದುಬಂದಿತು. ಹೀತನ ಕಾರ್ಯಕರ್ತನಾಗಿದ್ದ ಅನ್ವಿನ್ ಎಂಬಾತನು ಈ ದಾರಿಯನ್ನು ಹಿಡಿದು, ತಾನು ಹಾಕುವುದು ಬೇರೆ ವಸ್ತುಗಳಾದುದರಿಂದ ಪೇಟೆಂಟಿನ ಹಂಗು ತನಗಿಲ್ಲವೆಂದು ಸಾರಿದನು. 1840ರ ದಶಕದಲ್ಲಿ ಮೊದಲಾದ ವ್ಯಾಜ್ಯವು ಒಂದು ನ್ಯಾಯಸ್ಥಾನದಿಂದ ಇನ್ನೊಂದಕ್ಕೆ ಅಲೆದು, ಹೀತನು ಸತ್ತು ನಾಲ್ಕು ವರ್ಷಗಳಾದ ಮೇಲೆ, 1855ರಲ್ಲಿ ಹೌಸ್ ಆಫ್ ಲಾರ್ಡ್ಸಿನಲ್ಲಿ ಆತನ ಪಕ್ಷಕ್ಕೆ ವಿರುದ್ಧವಾಗಿ ಮುಗಿಯಿತು. ಮೂಸೆಯ ಬಾಯಿಗೆ ಹಾಕಿದುದೇನೆಂಬುದನ್ನು ನ್ಯಾಯಸ್ಥಾನವು ನೋಡಿತು. ಬಾಯಿ ಮುಚ್ಚಿದ ಮೇಲೆ ಒಳಗೆ ಏನಾಯಿತೆಂಬುದು ಅದರ ಗಣನೆಗೆ ಬರಲಿಲ್ಲ. ಎಕ್ಕದೆಲೆಯನ್ನು ಮುಚ್ಚುತ್ತಿದ್ದ ಸೇಲಂನ ಕಮ್ಮಾರನು ಆ ಪೀಠದ ಮೇಲೆ ಕುಳಿತಿದ್ದರೆ ತೀರ್ಪು ಬೇರೆಯಾಗುತ್ತಿದ್ದಿತೆಂದು ನನ್ನ ಎಣಿಕೆ.

ಈ ಪುಡಿಯ ಸ್ವಭಾವವನ್ನು ಒಂದಿಷ್ಟು ಅರಿತುಕೊಳ್ಳುವುದು ಮುಂದಿನ ಮಾತಿಗೆ ಅವಶ್ಯಕ. ಪೈರೊಲುಸೈಟ್ ಎಂಬ ಅದಿರಿನ ರೂಪದಲ್ಲಿ ಭೂಮಿಯಲ್ಲಿ ದೊರೆಯುವ ಇದು ನೀರಿಗಿಂತ ಐದು ಮಡಿ ಭಾರವಾದುದು, ನೀರಿನಲ್ಲಿ ಕರಗದು, ಮುಟ್ಟಿದರೆ ಕೈ ಮಸಿಯಾಗುವುದಲ್ಲದೆ ಮತ್ತೇನೂ ಆಗದು. ಸೇಲಂ ಜಿಲ್ಲೆಯ ಭೂಗರ್ಭದ ಐಶ್ವರ್ಯವು ಬಿಳಿಯ ಮ್ಯಾಗ್ನೆಸೈಟಾದರೆ, ಈ ಕರಿಯ ಅದಿರಿನ ತವರು ನಮ್ಮ ಸೊಂಡೂರು, ಶಿವಮೊಗ್ಗದ ಕುಂಸಿ, ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಗಳ ಕಡೆಗಿದೆ. ಗಾಜಿನಲ್ಲಿ ಕಬ್ಬಿಣದ ಅಂಶದಿಂದ ತಲೆದೋರುವ ಹಸುರು ಛಾಯೆಯನ್ನು ಈ ಪುಡಿಯ ಚಿಟಿಕೆಯೊಂದು ತನ್ನ ನೇರಳೆ ಛಾಯೆಯಿಂದ ಅಳಿಸಿಬಿಡುವುದೆಂಬುದನ್ನು ಗಾಜುಗಾರರು ಪ್ರಾಚೀನ ಕಾಲದಿಂದಲೂ ಬಲ್ಲರು. 1774ರಲ್ಲಿ ಷೀಲೆ ಎಂಬ ಸ್ವೀಡನ್ನಿನ ರಸಾಯನಜ್ಞನು ಇದನ್ನು ಹೈಡ್ರೋಕ್ಲೋರಿಕ್ ಆಮ್ಲದೊಡನೆ ಕಾಯಿಸಿ, ಹಸುರು ಮಿಶ್ರಿತ ಹಳದಿಯ ಉಸಿರುಗಟ್ಟಿಸುವ ಅನಿಲವೊಂದನ್ನು ಹೊರಡಿಸಿದನು, ಅದೇ ಕ್ಲೋರಿನ್. ಬಟ್ಟೆಯನ್ನು ಬಿಳುಪಾಗಿಸುವ ಬ್ಲೀಚಿಂಗ್ ಪುಡಿಯ ಉದ್ಯಮವು ಆ ಅನಿಲದಿಂದಲೇ ಹುಟ್ಟಿ, ಬಹುಕಾಲ ಈ ಕರಿಪುಡಿಯ ಋಣದಲ್ಲಿಯೇ ಬೆಳೆಯಿತು. ಕಾವೇರಿಗೆ ಕಟ್ಟಿದ ಅಣೆಕಟ್ಟಿನ ವಿದ್ಯುತ್ತನ್ನು ನಂಬಿ 1936ರಲ್ಲಿ ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ ರಾಸಾಯನಿಕ ಉದ್ಯಮವು ಸ್ಥಾಪಿತವಾಗುವ ವೇಳೆಗೆ, ಉಪ್ಪುನೀರಿನಿಂದ ವಿದ್ಯುತ್ತಿನ ಮೂಲಕ ಕ್ಲೋರಿನ್ನನ್ನು ತೆಗೆಯುವ ಮಾರ್ಗವು ಬಂದಿದ್ದರಿಂದ ಕರಿಪುಡಿಯು ಆ ಉದ್ಯಮದಿಂದ ನಿವೃತ್ತವಾಗಿದ್ದಿತು.

ಆದರೆ ವಿದ್ಯುತ್ತೇ ಅದಕ್ಕೆ ಇನ್ನೊಂದು ಉದ್ಯೋಗವನ್ನು ಕೊಟ್ಟಿತು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಷೆಯು ರಚಿಸಿದ ವಿದ್ಯುತ್ಕೋಶದ ವಂಶದಲ್ಲಿ ಹುಟ್ಟಿದುದೇ ನಮ್ಮ ಟಾರ್ಚಿನ ಸೆಲ್ಲು: ಹೊರಗೆ ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ನವಾಸಾಗರದ ದ್ರಾವಣದಲ್ಲಿ ನೆನೆದ ಮ್ಯಾಂಗನೀಸ್ ಡೈಆಕ್ಸೈಡು ಮತ್ತು ಇಂಗಾಲದ ಪುಡಿ. ಹಳ್ಳಿಯ ಶಾಲೆಗಳಲ್ಲಿ ಸವೆದುಹೋದ ಸೆಲ್ಲುಗಳನ್ನು ಒಡೆದು, ಆ ಮಸಿಯನ್ನು ಸೊಪ್ಪಿನ ರಸದಲ್ಲಿ ಅರೆದು, ರಜೆಯ ಮುನ್ನಾ ದಿನ ಹುಡುಗರಿಂದ ಕರಿಹಲಗೆಗೆ ಬಳಿಯಿಸುತ್ತಿದ್ದ ಉಪಾಧ್ಯಾಯರನ್ನು ಕಂಡವರು ನಮ್ಮಲ್ಲಿ ಬಹುಮಂದಿ ಇರಬೇಕು. ಹಸಿಯಾದ ಆ ಒಂದು ಹಿಡಿ ಮಸಿಯಿಂದ ಯಾರೂ ಕೆಟ್ಟುಹೋಗಲಿಲ್ಲ. ಕೈ ತೊಳೆದು ಉಂಡರೆ ಸಾಕಾಗಿದ್ದಿತು. ನಾವು ಮುದ್ದೆ ಮಾಡಿ ಉಣ್ಣುವ ರಾಗಿಯಲ್ಲಿಯೂ ಕುಡಿಯುವ ಚಹದಲ್ಲಿಯೂ ಮ್ಯಾಂಗನೀಸು ಧಾರಾಳವಾಗಿದ್ದು, ಶರೀರಕ್ಕೆ ದಿನಕ್ಕೆ ಕೆಲವು ಮಿಲಿಗ್ರಾಮುಗಳಷ್ಟು ಅದು ಬೇಕೇ ಬೇಕು. ಹೆಚ್ಚಾದುದನ್ನು ಯಕೃತ್ತು ಪಿತ್ತದೊಡನೆ ಹೊರಹಾಕುವುದು. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು: ವಿಷವೆಂಬ ಹೆಸರನ್ನು ಕೇಳಿದೊಡನೆ ಊರೆಲ್ಲ ಬೆಚ್ಚುವುದೂ, ಬೆಚ್ಚಿದ ಭರದಲ್ಲಿ ನಿಜವಾಗಿ ಅಪಾಯಕ್ಕೊಳಗಾದವನನ್ನು ಮರೆಯುವುದೂ ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ.

ಅಪಾಯಕ್ಕೊಳಗಾದವನು ಯಾರೆಂಬುದು ಹೀತನ ಕಾಲದಲ್ಲಿಯೇ ಗೊತ್ತಾಗಿದ್ದಿತು. 1837ರಲ್ಲಿ, ಅಂದರೆ ಪೇಟೆಂಟಿಗೆ ಎರಡು ವರ್ಷ ಮುಂಚೆ, ಗ್ಲಾಸ್ಗೋ ನಗರದ ಜಾನ್ ಕೂಪರ್ ಎಂಬ ವೈದ್ಯನು, ಬ್ಲೀಚಿಂಗ್ ಪುಡಿಯ ತಯಾರಿಕೆಗಾಗಿ ಈ ಕರಿಯ ಅದಿರನ್ನು ಬೀಸುತ್ತಿದ್ದ ಕೂಲಿಗಾರರಲ್ಲಿ ಕಂಡ ವಿಚಿತ್ರವಾದ ರೋಗವನ್ನು ವರ್ಣಿಸಿದನು. ಕಾಲುಗಳ ಬಲ ಕುಂದುವುದು, ನಡೆಯುವಾಗ ಮೈ ತಾನಾಗಿಯೇ ಮುಂದಕ್ಕೆ ತೂರಾಡುವುದು, ಮುಖದಲ್ಲಿ ಭಾವವಿಲ್ಲದಾಗುವುದು, ದನಿ ಪಿಸುಮಾತಿಗಿಳಿಯುವುದು, ಬಾಯಿಂದ ಜೊಲ್ಲು ಸುರಿಯುವುದು. ಆರಂಭದಲ್ಲಿಯೇ ಆ ಕೆಲಸದಿಂದ ಬಿಡಿಸಲ್ಪಟ್ಟವರು ಚೇತರಿಸಿಕೊಂಡರು. ತಡವಾದವರು ಹಾಗೆಯೇ ಉಳಿದರು. ಮುಂದೆ ಮೊರಾಕೊ, ಚಿಲಿ ಮೊದಲಾದ ದೇಶಗಳ ಗಣಿಗಾರರಲ್ಲಿಯೂ ಇದೇ ವ್ಯಾಧಿಯು ಕಾಣಿಸಿಕೊಂಡಿತು. ಅನ್ನದೊಡನೆ ಹೋದ ಮ್ಯಾಂಗನೀಸನ್ನು ತಡೆಯುವ ಯಕೃತ್ತಿನ ಕಾವಲು, ಉಸಿರಿನೊಡನೆ ಹೋದುದಕ್ಕೆ ಇಲ್ಲ. ನುಣ್ಣನೆಯ ಕಣಗಳು ಶ್ವಾಸಕೋಶದಿಂದ ರಕ್ತಕ್ಕಿಳಿದು, ಮಿದುಳಿನ ಆಳದಲ್ಲಿ ಚಲನೆಯನ್ನು ಆಳುವ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಶೇಖರವಾಗುವುವು. ಮೊದಲಿನ ಲಕ್ಷಣಗಳಾದರೋ ಇನ್ನೂ ಮೋಸಗಾರವಾದವು: ಕಾರಣವಿಲ್ಲದ ಸಿಡುಕು, ಅಕಾರಣವಾದ ನಗು, ಅಳು, ನಿದ್ದೆಗೇಡು, ಜಡತೆ. ಮನೆಯವರು ಅದನ್ನು ಕುಡಿತವೆಂದೋ ಗಾಳಿ ಸೋಕಿತೆಂದೋ ಬಗೆದರೆ ಆಶ್ಚರ್ಯವೇನು? ಮುಂದೆ ಕೋಳಿಯ ಹಾಗೆ ಬೆರಳ ತುದಿಯಲ್ಲಿ ನಡೆಯತೊಡಗಿದ ಮೇಲೆ ವೈದ್ಯನ ಬಳಿಗೆ ಹೋದರೆ, ಆತನು ಪಾರ್ಕಿನ್ಸನ್ ರೋಗವೆಂದು ಬರೆದುಕೊಡುವನು. ಆ ರೋಗದ ಔಷಧವು ಇವನಿಗೆ ಹೆಚ್ಚಾಗಿ ಹತ್ತುವುದಿಲ್ಲ.

ಇಂದು ಸೇಲಂ ಧರ್ಮಪುರಿಗಳಲ್ಲಿ ಮೂಸೆಗಳು ಉರಿಯುವುದಿಲ್ಲ. ಕಂಜಮಲೈಯ ಮಗ್ಗುಲಲ್ಲಿ 1970ರಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲನ್ನಿಟ್ಟ ಉಕ್ಕಿನ ಕಾರ್ಖಾನೆಯು ಬೆಟ್ಟದ ಅದಿರನ್ನು ಮುಟ್ಟದೆ ತುಕ್ಕುಹಿಡಿಯದ ಉಕ್ಕಿನ ತಗಡುಗಳನ್ನು ತಯಾರಿಸುವುದರಲ್ಲಿ ಹೆಸರಾಯಿತು. ದೊಡ್ಡ ಕಾರ್ಖಾನೆಗೆ ವೈದ್ಯರೂ ನಿಯಮಗಳೂ ಉಂಟು. ನನ್ನ ಚಿಂತೆ ಓಮಲೂರಿನಿಂದ ತೊಪ್ಪೂರು ಕಣಿವೆಯನ್ನು ದಾಟಿ ಧರ್ಮಪುರಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳ ಗ್ರಿಲ್ಲಿನ ಅಂಗಡಿಗಳದ್ದು. ಮೂರು ಕಡೆ ತಗಡಿನ ಗೋಡೆ, ಮೇಲೆ ತಗಡಿನ ಚಾವಣಿ, ಕಿಟಕಿಯ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿಕೊಂಡು, ಕುಕ್ಕುರುಗಾಲಿನಲ್ಲಿ ಕುಳಿತ ಹುಡುಗನೊಬ್ಬ, ಒಂದು ಕೈಯಲ್ಲಿ ಕಪ್ಪುಗಾಜಿನ ಹಲಗೆಯನ್ನು ಮುಖಕ್ಕೆ ಹಿಡಿದು, ಇನ್ನೊಂದರಲ್ಲಿ ವೆಲ್ಡಿಂಗ್ ಕಡ್ಡಿಯನ್ನು ಮುಟ್ಟಿಸುವನು, ಬೆಳಕು ಚಿಮ್ಮುವುದು, ಅದರ ಹಿಂದೆಯೇ ಎದ್ದ ನೀಲಿಬೂದಿ ಬಣ್ಣದ ಹೊಗೆಯ ಎಳೆಯೊಂದು ನೇರವಾಗಿ ಅವನ ಗದ್ದದ ಕೆಳಗೆ ನುಗ್ಗಿ, ಗಾಜಿನ ಹಿಂಬದಿಯಲ್ಲಿ, ಮೂಗಿನ ಮುಂದೆಯೇ ಸುತ್ತಿಕೊಳ್ಳುವುದು. ಕಣ್ಣಿಗೆ ಕಾವಲಿದೆ, ಉಸಿರಿಗಿಲ್ಲ. ಮೂಗಿಗೆ ಸುತ್ತಿಕೊಂಡ ಟವೆಲು ಆ ಕಣಗಳಿಗೆ ತೆರೆದ ಬಾಗಿಲು. ಅವನು ಮ್ಯಾಂಗನೀಸ್ ಡೈಆಕ್ಸೈಡೆಂಬ ಹೆಸರನ್ನು ಕೇಳಿದವನಲ್ಲ; ಅವನ ಅಂಗಡಿಯಲ್ಲಿ ಆ ಹೆಸರಿನ ಮೂಟೆಯೂ ಇಲ್ಲ. ಇರುವುದು ಉಕ್ಕಿನ ಪಟ್ಟಿ ಮತ್ತು ಕಡ್ಡಿಯ ಪೊಟ್ಟಣ. ಆದರೆ ಕಡ್ಡಿಯ ಲೇಪದಲ್ಲಿ ಫೆರೊಮ್ಯಾಂಗನೀಸು ಬೆರೆತಿರುವುದು. ಸಾವಿರಾರು ಡಿಗ್ರಿಗಳ ಆ ಉರಿಯಲ್ಲಿ ಅದು ಆವಿಯಾಗಿ, ಗಾಳಿಯ ಆಮ್ಲಜನಕದೊಡನೆ ಕೂಡಿ, ಮ್ಯಾಂಗನೀಸಿನ ಆಕ್ಸೈಡುಗಳ ಅತಿಸೂಕ್ಷ್ಮವಾದ ಹೊಗೆಯಾಗಿ ಮರಳಿ ಬರುವುದು. ಹೀತನ ಮೂಸೆಯಲ್ಲಿ ಪುಡಿಯು ಲೋಹವಾದರೆ, ಇಲ್ಲಿ ಲೋಹವು ಪುಡಿಯಾಗುವುದು. ಪೊಟ್ಟಣದ ಮೇಲಿನ ಚೀಟಿಯನ್ನು ಓದಿ, ಇಲ್ಲಿ ಅಂತಹ ಪದಾರ್ಥವೇ ಇಲ್ಲವೆಂದು ಬರೆದುಕೊಂಡು ಹೋಗುವ ಅಧಿಕಾರಿಯು, 1855ರ ತೀರ್ಪನ್ನೇ ಮತ್ತೊಮ್ಮೆ ಬರೆದಂತಾಗುವುದು.

ಕಾನೂನು ಇಲ್ಲವೆಂದು ಹೇಳುವಂತಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಮ್ಯಾಂಗನೀಸಿನ ವಿಷಬಾಧೆಯನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿ ಸೀಸ, ರಂಜಕ, ಪಾದರಸಗಳ ಸಾಲಿನಲ್ಲಿಯೇ ಸೇರಿಸಿತು. ಚಿಕಿತ್ಸೆ ಮಾಡಿದ ವೈದ್ಯನು ವರದಿ ಮಾಡದಿದ್ದರೆ ದಂಡವೆಂದೂ ವಿಧಿಸಿತು. ಭೋಪಾಲದ ದುರಂತದ ತರುವಾಯ, 1987ರ ತಿದ್ದುಪಡಿಯು ಗಾಳಿಯಲ್ಲಿರಬಹುದಾದ ಪ್ರಮಾಣಕ್ಕೂ ಮಿತಿಯನ್ನು ಹಾಕಿತು: ಧೂಳಾದರೆ ಘನಮೀಟರಿಗೆ 5 ಮಿಲಿಗ್ರಾಂ, ಹೊಗೆಯಾದರೆ 1. ಆದರೆ ಅಮೆರಿಕದ ಔದ್ಯೋಗಿಕ ಆರೋಗ್ಯತಜ್ಞರ ಸಂಘವು 2013ರಲ್ಲಿ ತನ್ನ ಸಲಹೆಯ ಮಿತಿಯನ್ನು, ಶ್ವಾಸಕೋಶದ ಆಳಕ್ಕಿಳಿಯುವ ಕಣಗಳ ವಿಷಯದಲ್ಲಿ, 0.02 ಮಿಲಿಗ್ರಾಮಿಗೆ ಇಳಿಸಿತು. ಎರಡಕ್ಕೂ ಅಳತೆಯ ಕ್ರಮ ಬೇರೆಯೆಂಬುದನ್ನು ಒಪ್ಪಿದರೂ, ನಡುವಣ ಅಂತರವು ಕಣ್ಣು ತೆರೆಯಿಸುವಂತಹುದು. ಇನ್ನು ವ್ಯಾಪ್ತಿಯ ಮಾತು: ವಿದ್ಯುತ್ತನ್ನು ಬಳಸುವ ಕೆಲಸದ ಜಾಗದಲ್ಲಿ ಹತ್ತು ಮಂದಿಯಿದ್ದರೆ ಹಳೆಯ ಕಾಯಿದೆಯು ಅದನ್ನು ಕಾರ್ಖಾನೆಯೆಂದು ಎಣಿಸುತ್ತಿದ್ದಿತು, 2020ರ ಹೊಸ ಸಂಹಿತೆಯು ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ಗ್ರಿಲ್ಲಿನ ಅಂಗಡಿಯಲ್ಲಿ ಮೂವರೋ ನಾಲ್ವರೋ ಇರುವರು. ಉದ್ಯಮಗಳಿಗೆ ಹೊರೆಯಾಗಬಾರದೆಂಬ ವಾದವನ್ನು ನಾನು ಅಲ್ಲಗಳೆಯೆನು. ಆದರೆ ಹೊಗೆಯು ತಲೆಗಳನ್ನೆಣಿಸಿ ಒಳಹೊಗುವುದಿಲ್ಲವೆಂಬುದನ್ನು ಸಂಹಿತೆ ಬರೆದವರು ಅರಿತಿರಬೇಕಾಗಿದ್ದಿತು.

ಮಾಡಬೇಕಾದುದು ಬಹಳವೇನೂ ಅಲ್ಲ, ದುಬಾರಿಯದೂ ಅಲ್ಲ. ಪುಡಿಯನ್ನು ಬೀಸುವ, ಜರಡಿ ಹಿಡಿಯುವ, ಚೀಲದಿಂದ ಸುರಿಯುವ ಎಡೆಯಲ್ಲಿ ಅದನ್ನು ಒದ್ದೆಮಾಡಿಯೇ ಕೆಲಸ ಮಾಡಬೇಕು. ನೆಲಕ್ಕೆ ಚೆಲ್ಲಿದುದನ್ನು ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಬಟ್ಟೆಯ ಮೇಲಿನ ಧೂಳನ್ನು ಗಾಳಿಯ ಪೈಪಿನಿಂದ ಊದಿ ಹಾರಿಸುವ ಕೆಟ್ಟ ರೂಢಿಯನ್ನು ಬಿಡಬೇಕು. ಕೆಲಸದ ಬಟ್ಟೆಯನ್ನು ಮನೆಗೊಯ್ದು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ವೆಲ್ಡಿಂಗಿನವನು ಗಾಳಿಗೆ ಅಡ್ಡಲಾಗಿ ಕುಳಿತು, ತಲೆಯನ್ನು ಹೊಗೆಯ ದಾರಿಯಿಂದ ಆಚೆಗಿಟ್ಟು, ಕೆಲಸದ ಬಳಿಯಲ್ಲಿಯೇ ಹೊಗೆಯನ್ನು ಸೆಳೆದು ಹೊರಗೆ ಬಿಡುವ ಫ್ಯಾನೊಂದನ್ನಿರಿಸಿಕೊಂಡು, ಟವೆಲಿನ ಬದಲು ಸೂಕ್ಷ್ಮಕಣಗಳನ್ನು ತಡೆಯುವ ಮುಖಗವಸನ್ನು ಧರಿಸಿದರೆ, ಅಪಾಯದ ಬಹುಪಾಲು ಅಲ್ಲಿಯೇ ತಗ್ಗುವುದು. ಶಾಲೆಯ ಉಪಾಧ್ಯಾಯರಿಗೆ ಹೇಳತಕ್ಕ ಮಾತು ಬೇರೆ. ಈ ಪುಡಿಯು ತಾನು ಉರಿಯದಿದ್ದರೂ ಉರಿಯುವುದಕ್ಕೆ ಆಮ್ಲಜನಕವನ್ನು ಒದಗಿಸತಕ್ಕದ್ದು. ಗಂಧಕ, ಅಲ್ಯುಮಿನಿಯಂ ಪುಡಿ, ಸಕ್ಕರೆ, ಎಣ್ಣೆ ಇವುಗಳಿಂದ ದೂರವಿಡಬೇಕು. ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಯ ಪಕ್ಕದಲ್ಲಿಡಲೇಬಾರದು. ಆಮ್ಲಜನಕವನ್ನು ತಯಾರಿಸಲು ಪೊಟ್ಯಾಸಿಯಂ ಕ್ಲೋರೇಟಿನೊಡನೆ ಇದನ್ನು ಕಾಯಿಸುವ ಹಳೆಯ ಪಾಠದಲ್ಲಿ, ಇದರ ಬದಲು ತಪ್ಪಿ ಇದ್ದಿಲುಪುಡಿಯೋ ಆಂಟಿಮನಿಯ ಕಪ್ಪು ಸಲ್ಫೈಡೋ ಬಿದ್ದರೆ ನಳಿಗೆಯು ಸಿಡಿಯುವುದು. ಮೂರೂ ಕಣ್ಣಿಗೆ ಒಂದೇ ಬಗೆಯ ಕಪ್ಪು. ಆದುದರಿಂದ ಆ ಪಾಠಕ್ಕೆ ಹೈಡ್ರೋಜನ್ ಪೆರಾಕ್ಸೈಡಿನ ತೆಳು ದ್ರಾವಣಕ್ಕೆ ಚಿಟಿಕೆ ಪುಡಿಯನ್ನು ಹಾಕುವ ಮಾರ್ಗವೇ ಲೇಸು. ಕಾಯಿಸಬೇಕಾಗಿಯೇ ಇಲ್ಲ.

ಇವೆಲ್ಲವೂ ನಡೆದರೂ, ಈಗಾಗಲೇ ಹೊಗೆಯನ್ನು ಕುಡಿದಿರುವವನನ್ನು ಪತ್ತೆಮಾಡುವ ಕೆಲಸ ಉಳಿಯುವುದು. ಸೇಲಂನಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜು ಮೋಹನ್ ಕುಮಾರಮಂಗಲಂ ಅವರ ಹೆಸರನ್ನು ಹೊತ್ತಿದೆ. ಅವರು ಕೇಂದ್ರದಲ್ಲಿ ಉಕ್ಕು ಮತ್ತು ಗಣಿಗಳ ಮಂತ್ರಿಗಳಾಗಿದ್ದವರು. ಧರ್ಮಪುರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜೊಂದಿದೆ. ರೋಗಿಯ ಕಸುಬನ್ನು ಕೇಳಬೇಕೆಂದು ಇಟಲಿಯ ರಾಮಾಝಿನಿ ಎಂಬ ವೈದ್ಯನು 1700ರಲ್ಲಿಯೇ ತನ್ನ ಗ್ರಂಥದಲ್ಲಿ ಬರೆದನು. ಈ ಎರಡು ಆಸ್ಪತ್ರೆಗಳ ಹೊರರೋಗಿಗಳ ಚೀಟಿಯಲ್ಲಿ ಕಸುಬಿಗೊಂದು, ಆ ಕಸುಬಿನಲ್ಲಿ ಕಳೆದ ವರ್ಷಗಳಿಗೊಂದು, ಹೀಗೆ ಎರಡು ಅಂಕಣಗಳನ್ನು ಸೇರಿಸಿ, ನಲವತ್ತರ ಒಳಗಿನ ವಯಸ್ಸಿನಲ್ಲಿಯೇ ನಡಿಗೆ ಕೆಟ್ಟು, ದನಿ ಕುಗ್ಗಿ ಬಂದ ಪ್ರತಿಯೊಬ್ಬ ವೆಲ್ಡರನ, ಅದಿರು ಬೀಸುವವನ ವಿಷಯವನ್ನೂ, ಅವನ ಅಂಗಡಿಯಲ್ಲಿ ಎಷ್ಟು ಮಂದಿಯಿದ್ದರೆಂಬುದನ್ನು ಕೇಳದೆಯೇ, ಕಾರ್ಖಾನೆಗಳ ತನಿಖಾಧಿಕಾರಿಗೆ ಬರೆದು ಕಳುಹಿಸುವ ಆಜ್ಞೆಯೊಂದನ್ನು ತಮಿಳುನಾಡಿನ ಆರೋಗ್ಯ ಇಲಾಖೆಯು ಹೊರಡಿಸಬೇಕು. ಸೊಂಡೂರು ಕುಂಸಿಗಳ ಅದಿರನ್ನು ಅಗೆದು ಕಳುಹಿಸುವ ನಮ್ಮ ಸರ್ಕಾರವೂ ಬಳ್ಳಾರಿ, ವಿಜಯನಗರ, ಶಿವಮೊಗ್ಗಗಳ ಆಸ್ಪತ್ರೆಗಳಲ್ಲಿ ಅದೇ ಚೀಟಿಯನ್ನು ಅಚ್ಚುಹಾಕಿಸಬಹುದು.